ಬೆಂಕಿಗೆ ಮೊದಲೇ ಹೊರಬಂದ ವಿಠೋಬ

ಫೆಬ್ರವರಿ 6, ಮಂಗಳವಾರ

ಬೆಳಿಗ್ಗೆ ಜಮಖಾನಗಳನ್ನು ಬಿಸಿಲಿಗೆ ಹಾಕಿಸಿದೆ. ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಟೆಂಟ್ ಹೌಸ್ ಬೇಕಾದಷ್ಟಿವೆ. ಗಾಳಿಗೆ ಹಾರದ ಶಾಮಿಯಾನ ಈ ನಾಮದೇವನದೊಂದೇ. ಇನ್ಶೂರೆನ್ಸ್ ರಿನ್ಯೂ ಆಯಿತು. ಖುಷಿಗೆ ಇರಾನಿ ಹೋಟೆಲಿನಲ್ಲಿ ಎಲ್ಲರಿಗೂ ಚಹಾ ಕುಡಿಸಿ ಸಾರಿಬಿಟ್ಟೆ— ಇನ್ನು ಅಂಗಡಿ ಸುಟ್ಟು ಬೂದಿಯಾದರೂ ನನಗೇನು, ಕಂಪನಿಯವರು ಹೊಸದು ಕಟ್ಟಿಕೊಡುತ್ತಾರೆ! ಎಲ್ಲರೂ ನಕ್ಕರು. ನನ್ನ ಮಾತಿಗೆ ನಗದವರು ಯಾರಿದ್ದಾರೆ.

ಮಧ್ಯಾಹ್ನ ಊರಿನಿಂದ ಅಮೋಲನ ಫೋನು.

"ಕಾಕಾ, ಅಪ್ಪಾ ಹೋದ."

ದತ್ತೋಬಾ. ನನ್ನ ದೊಡ್ಡಪ್ಪನ ಮಗ.

"ವಿಠಲ ಕಾಕಾಗೂ ನೀವಽ ಹೇಳಿಬಿಡ್ರಿ. ಅವರು ನಮ್ಮ ಫೋನ್ ಎತ್ತೂದಿಲ್ಲ."

"ಎಲ್ಲಾರಿಗೂ ಹೇಳ್ತೀನಿ, ನೀ ಚಿಂತಿ ಮಾಡಬ್ಯಾಡ" ಎಂದೆ.

ಹೇಳಲಿಲ್ಲ. ನಾಡಿದ್ದು ಪೂರ್ವಿಯ ನಿಶ್ಚಯ. ತಮ್ಮ ವಿಠಲನ ಒಬ್ಬಳೇ ಮಗಳು. ದಾಯಾದಿ ಸತ್ತರೆ ಮನೆಗೆಲ್ಲ ಹತ್ತು ದಿನ ಸೂತಕ, ನಿಶ್ಚಯ ಮುಂದಕ್ಕೆ. ಒಮ್ಮೆ ಮುಂದಕ್ಕೆ ಹೋಗಿದೆ ಆಗಲೇ. ಬೀಗರು ಮಾತುಮಾತಿಗೆ ಪಂಚಾಂಗ ತೆಗೆಯುವ ಜನ. ಇನ್ನೊಮ್ಮೆ ತಪ್ಪಿದರೆ ಅಪಶಕುನ ಎಂದು ಬೇರೆ ಹೆಣ್ಣು ನೋಡುತ್ತಾರೆ.

ತಲೆ ಓಡಿಸಿದೆ. ಸೂತಕ ಹತ್ತುವುದು ಸುದ್ದಿ ಕಿವಿಗೆ ಬಿದ್ದ ಮೇಲೆ. ಬಿದ್ದದ್ದು ನನ್ನ ಕಿವಿಗೆ ಮಾತ್ರ. ಹಾಗಾದರೆ ನನಗೊಬ್ಬನಿಗೇ ಸೂತಕ! ಏಳನೇ ಇಯತ್ತೆ ಕಲಿತವನ ಉಪಾಯ— ವಕೀಲರಿಗೂ ಹೊಳೆಯುವುದಿಲ್ಲ.

ಆದರೆ ಅಂಗಡಿಯಲ್ಲಿ ವಿಠೋಬನ ಫೋಟೋ. ಅಪ್ಪ ಪಂಢರಪುರದಿಂದ ಹೊತ್ತು ತಂದದ್ದು, ಒಂದು ದಿನವೂ ಪೂಜೆ ತಪ್ಪಿಲ್ಲ. ಸೂತಕದವನು ಮುಟ್ಟುವಂತಿಲ್ಲ, ಅವನು ಕೂರುವ ಕಡೆ ಇಡುವಂತೆಯೂ ಇಲ್ಲ. ಪಕ್ಕದ ಸ್ಟೇಷನರಿ ಅಂಗಡಿಯ ಬಸವಲಿಂಗಪ್ಪನನ್ನು ಕರೆದೆ. ಲಿಂಗವಂತ, ಅವರಲ್ಲಿ ಸೂತಕವೇ ಇಲ್ಲ. ವಿಷಯ ಹೇಳಿ ಆಣೆ ಹಾಕಿಸಿಕೊಂಡೆ.

"ನಾ ಲಿಂಗಾ ಕಟ್ಟಿದಾಂವ, ನಿನ್ನ ವಿಠೋಬಗ ಊದಿನಕಡ್ಡಿ ಹಚ್ಚಲೇನೋ?"

"ಹತ್ತು ದಿನಾ ಬೀಗಸ್ತನಾ ಮಾಡ್ರಪಾ ಇಬ್ರೂ."

ಸಂಜೆ ಅವನೇ ಫೋಟೋವನ್ನು ಶಾಲಿನಲ್ಲಿ ಸುತ್ತಿ ತನ್ನ ಮನೆಗೆ ಒಯ್ದ. ನಾನು ಮುಂದೆ ಮುಂದೆ ದಾರಿ ಬಿಡಿಸಿದೆ.

ಫೆಬ್ರವರಿ 7

ಅಂಗಡಿ ಇಲ್ಲ.

ನಸುಕಿನಲ್ಲಿ ಹತ್ತಿಕೊಂಡಿತಂತೆ. ನಾನು ಹೋಗುವಷ್ಟರಲ್ಲಿ ಫೈರ್ ಇಂಜಿನ್ ನೀರು ಬಿಡುತ್ತಿತ್ತು. ಶಾಮಿಯಾನ, ಕನಾತಿನ ಪರದೆ, ಗಾದಿ, ಎಲ್ಲ. ಪ್ಲಾಸ್ಟಿಕ್ ಕುರ್ಚಿಗಳು ಕರಗಿ ಒಂದೇ ಮುದ್ದೆ.

ವಿಠಲ ಬಂದ, ಅಳುಮುಖ. "ಅಣ್ಣಾ, ನಿಶ್ಚೆ ಮುಂದ ಹಾಕೂಣು."

"ಅರಿವಿ ಸುಟ್ಟಾವು, ನಾ ಸುಟ್ಟಿಲ್ಲ! ನಾಳೆನಽ ಆಗಬೇಕು."

ಎದುರಾಳಿ ಟೆಂಟಿನವನಿಂದ ಬಾಡಿಗೆಗೆ ಕುರ್ಚಿ ತರಿಸಿದೆ. ಇದಕ್ಕಿಂತ ದೊಡ್ಡ ಅವಮಾನ ಬೆಂಕಿಯೂ ಮಾಡಿರಲಿಲ್ಲ.

ಫೆಬ್ರವರಿ 8

ನಾರಾಯಣಗೂಡದ ಹಾಲ್. ನಿಶ್ಚಯ ಆಯಿತು. ಹುಡುಗ ಮಿಲಿಂದ ಒಳ್ಳೆಯವನು. ನಾನು ಹೊರಗೆ ನೀರಿನ ಡ್ರಮ್ಮಿನ ಪಕ್ಕ ಕೂತೆ. ಅಕ್ಷತೆ ಮುಟ್ಟಲಿಲ್ಲ, ಪಂಕ್ತಿಯಲ್ಲಿ ಉಣ್ಣಲಿಲ್ಲ. ಪೂರ್ವಿ ನಮಸ್ಕಾರಕ್ಕೆ ಬಂದರೆ ಕಾಲು ಹಿಂದೆ ಎಳೆದುಕೊಂಡೆ. ವಿಠಲನ ಹೆಂಡತಿ ವತ್ಸಲಾ ಎಲ್ಲರಿಗೂ ಹೇಳಿದಳು— "ಭಾವಾರಿಗೆ ಅಂಗಡಿ ಹೋದ ಸಿಟ್ಟು."

ಇರಲಿ. ಗೆದ್ದವನು ನಾನು.

ಫೆಬ್ರವರಿ 15, ಗುರುವಾರ

ಇನ್ಶೂರೆನ್ಸಿನಿಂದ ಇನ್ವೆಸ್ಟಿಗೇಟರ್. ದೊಡ್ಡ ಮೀಸೆಯವನು ಬರುತ್ತಾನೆಂದುಕೊಂಡಿದ್ದೆ— ಬಂದದ್ದು ಹುಡುಗಿ. ನಿರೀಕ್ಷಾ, ಕುಂದಾಪುರದ ಕಡೆಯವಳು. ಗಂಬೂಟು ಹಾಕಿಕೊಂಡು ಬೂದಿಗೆ ಇಳಿದಳು. ನಾನು ಕನ್ನಡದಲ್ಲಿ ಗೊಣಗಿದೆ, ಈ ಕೂಸಿಗೇನು ತಿಳಿಯುತ್ತದೆ ಎಂದು.

"ಕೂಸಿಗೆ ಕನ್ನಡ ತಿಳಿಯುತ್ತದೆ ಮಾರಾಯ್ರೆ" ಎಂದಳು, ತಲೆ ಎತ್ತದೆ.

ಬೂದಿಯನ್ನು ಡಬ್ಬಿಗಳಲ್ಲಿ ತುಂಬಿ ಮುಚ್ಚಿದಳು. ಪೆಟ್ರೋಲ್, ಸೀಮೆಎಣ್ಣೆ ಇದೆಯೇ ಎಂದು ಲ್ಯಾಬಿನಲ್ಲಿ ನೋಡುತ್ತಾರಂತೆ. ನೋಡಲಿ! ಬೇಕಾದರೆ ನನ್ನ ರಕ್ತವನ್ನೂ ಒಯ್ಯಲಿ.

ಫೆಬ್ರವರಿ 19

ಮತ್ತೆ ಬಂದಳು. ಫೋನಿನಲ್ಲಿ ಎದುರಿನ ಬಿರಿಯಾನಿ ಹೋಟೆಲಿನ ಸಿಸಿ ಕ್ಯಾಮೆರಾ ಚಿತ್ರ. ಬೆಂಕಿಯ ಹಿಂದಿನ ಸಂಜೆ. ಬಸವಲಿಂಗಪ್ಪನ ಕೈಯಲ್ಲಿ ಶಾಲು ಸುತ್ತಿದ ಚೌಕ, ಮುಂದೆ ನಾನು.

"ಇದೆಂತದು?"

"ವಿಠೋಬ."

"ಇಷ್ಟು ವರ್ಷ ಅಲ್ಲೇ ಇದ್ದ ದೇವರು ಅವತ್ತೇ ಯಾಕೆ ಹೊರಗೆ ಬಂದದ್ದು?"

"ವಾಕಿಂಗಿಗೆ."

ನಗಲಿಲ್ಲ. ಮೊದಲ ಸಲ ಒಬ್ಬಳು ನನ್ನ ಮಾತಿಗೆ ನಗಲಿಲ್ಲ.

"ಮಾರಾಯ್ರೆ, ತಾವೇ ಬೆಂಕಿ ಇಡುವವರು ಮೊದಲು ಪ್ರೀತಿಯ ವಸ್ತು ಹೊರಗೆ ಸಾಗಿಸ್ತಾರೆ. ದೇವರ ಫೋಟೋ, ಸಾಕಿದ ಗಿಳಿ. ನಮ್ಮ ಕೆಲಸದಲ್ಲಿ ನಾವು ನೋಡುವುದೇ ಅದನ್ನು. ಮತ್ತೆ ಅವತ್ತೇ ಚಹಾ ಕುಡಿಸಿ ಎಂತ ಹೇಳಿದ್ದು ನೀವು?"

ಇರಾನಿ ಹೋಟೆಲಿನವರೆಲ್ಲ ಬಾಯಿ ಬಿಟ್ಟಿದ್ದಾರೆ. ನನ್ನ ಚಹಾ ಕುಡಿದು!

ಬಸವಲಿಂಗಪ್ಪನನ್ನೂ ಕೇಳಿದಳು. "ಆಣಿ ಐತಿ, ಹೇಳಾಂಗಿಲ್ಲ" ಎಂದನಂತೆ. ಆಣೆ ಉಳಿಸಿ ನನ್ನ ಕುತ್ತಿಗೆ ಕೊಯ್ದ, ಪುಣ್ಯಾತ್ಮ.

ಫೆಬ್ರವರಿ 24, ಶನಿವಾರ

ಲ್ಯಾಬಿನಿಂದ ರಿಪೋರ್ಟು ಬಂತು— ಎಣ್ಣೆ ಏನೂ ಇಲ್ಲ. ಮೀಟರ್ ಬೋರ್ಡಿನ ತಂತಿ ಕರಗಿದೆ. "ಬೆಂಕಿ ಅಲ್ಲಿಂದಲೇ. ಆದರೆ ತಂತಿ ತಾನಾಗಿ ಕೆಟ್ಟದ್ದೋ, ಕೆಡಿಸಿದ್ದೋ? ಫೋಟೋ ಒಯ್ದದ್ದಕ್ಕೆ ಕಾರಣ ಬರೆದುಕೊಡಿ. ಇಲ್ಲದಿದ್ದರೆ ಕ್ಲೇಮ್ ಹೋಗ್ತದೆ, ಫೈಲ್ ಪೊಲೀಸರಿಗೆ ಹೋಗ್ತದೆ" ಎಂದಳು ನಿರೀಕ್ಷಾ.

"ಹೋಗ್ಲಿ. ನಮ್ಮನೀ ಮಾತು ನಿಮ್ಮ ಫೈಲಿಗೆ ಬರೂದಿಲ್ಲ."

ಸಂಜೆ ಪೂರ್ವಿ ಬಂದಳು. ಕಣ್ಣು ಕೆಂಪು. ಪೊಲೀಸ್ ಎಂಬ ಮಾತು ಕೇಳಿದ್ದೇ ಬಸವಲಿಂಗಪ್ಪ ಆಣೆ ಮುರಿದು ಅವಳಿಗೆ ಎಲ್ಲ ಹೇಳಿದ್ದಾನೆ. ಹೇಡಿ.

"ಕಾಕಾ, ನನ್ನ ಸಲುವಾಗಿ ಜೇಲಿಗೆ ಹೊಂಟೀಯೇನು?"

"ಜೇಲಿನಾಗೂ ಶಾಮಿಯಾನ ಕಟ್ಟಿ ಬರ್ತೀನಿ ನೋಡು."

"ನಗಸಬ್ಯಾಡ! ಅವರ ಮನಿಗೆ ನೀ ಹೇಳ್ತೀಯೋ, ನಾ ಹೇಳಲೋ?"

ನಮ್ಮ ಮನೆತನದ ಹಟ. ಬೇರೆ ಯಾರಿಂದ ಬಂದೀತು.

ಫೆಬ್ರವರಿ 25

ಬೀಗರ ಮನೆಗೆ ಹೋದೆ. ಹೊಸ ಟೋಪಿ ಹಾಕಿಕೊಂಡು. ತಪ್ಪೊಪ್ಪಿಗೆಗೆ ಅಲ್ಲ, ಸುದ್ದಿ ತಿಳಿಸಲು.

ಮಿಲಿಂದನ ಅಪ್ಪ ಗುರುರಾಜರು ಕೇಳಿ ಎದ್ದೇ ನಿಂತರು. "ಸೂತಕದಾಗ ನಿಶ್ಚೆ ಮಾಡಿಸಿದ್ರಿ? ಇದಕ್ಕ ಮೋಸ ಅಂತಾರ್ರೀ!"

"ಸುದ್ದಿ ಕೇಳಿದಾಂವ ನಾನು. ಮುಟ್ಟದಽ ಹೊರಗ ಕುಂತಾಂವ ನಾನು. ಹುಡಿಗಿಗೆ ಗೊತ್ತಽ ಇರಲಿಲ್ಲ. ಮುರಿಯೂದಿದ್ರ ನನ್ನ ಹೆಸರು ಹೇಳಿ ಮುರೀರಿ, ಆಕಿ ಹೆಸರು ತರಬ್ಯಾಡ್ರಿ."

ಆಮೇಲೆ ಅವರ ಹೆಂಡತಿ ಗೋದಾವರಿಬಾಯಿ ಕೇಳಿದರು— "ಅದಕ್ಕಽ ಅವತ್ತ ಊಟಕ್ಕ ಏಳಲಿಲ್ಲೇನು? ನಾ ಎರಡು ಸಲ ಕರದೆ. ಸೊಕ್ಕು ಅಂತ ತಿಳದಿದ್ದೆ."

"ಸೊಕ್ಕೂ ಐತ್ರಿ. ಆದ್ರ ಅವತ್ತಿಂದಲ್ಲ."

ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು— ನಕ್ಕರು, ನಾನು ನೋಡಿದೆ. "ಮದವಿಗೆ ಮದಲ ಒಂದು ಶಾಂತಿ ಮಾಡ್ಸೂಣು. ಇವರು ಮುಗಿಯೂತನಕ ಮೌನ ಕೂಡಬೇಕು. ಒಂದು ಶಬ್ದ ಹೊಂಡಬಾರದು."

ಜೇಲು ಇದಕ್ಕಿಂತ ಹಗುರ. ಒಪ್ಪಿಕೊಂಡೆ.

ಫೆಬ್ರವರಿ 26, ಸೋಮವಾರ

ನಿರೀಕ್ಷಾಗೆ ಕಾರಣ ಬರೆದುಕೊಟ್ಟೆ. ಎರಡು ಸಲ ಓದಿದಳು. "ಇಂಥ ಕಾರಣವನ್ನು ಸುಳ್ಳು ಹೇಳುವವರು ಕಟ್ಟುವುದಿಲ್ಲ. ಆದರೂ ಕೇಳಿ ನೋಡಬೇಕು, ನಿಯಮ" ಎಂದಳು. ನನ್ನೆದುರೇ ಅಮೋಲನಿಗೆ ಫೋನ್, ಸ್ಪೀಕರ್ ಹಾಕಿ.

"ಹೌದ್ರಿ, ಅವತ್ತಽ ನಾಮು ಕಾಕಾಗ ಹೇಳಿದ್ದೆ" ಎಂದ ಅಮೋಲ. "ಹೈದರಾಬಾದಿನವರು ಯಾರೂ ಬರಲಿಲ್ಲ. ಅವ್ವಾ ಹೆಣಾ ಎತ್ತಾಕ ಬಿಡವಲ್ಲಳು, ನಾಮು ಬರ್ತಾನ, ನಾಮು ಬರ್ತಾನ ಅಂತ. ಸಂಜೀತನಕ ಕಾದ್ವಿ."

ನಿರೀಕ್ಷಾ ಬೇಗನೆ ಫೋನ್ ಇಟ್ಟಳು. ಕ್ಲೇಮ್ ಕಳಿಸುತ್ತೇನೆ ಎಂದಳು. ನನ್ನ ಮುಖ ನೋಡಲಿಲ್ಲ.

ಸಂಜೆ 6

ಎಲ್ಲ ಕಡೆ ಗೆದ್ದೆ. ಮದುವೆ ಉಳಿಯಿತು, ಅಂಗಡಿ ಏಳುತ್ತದೆ. ಇಂಡಿ ತಾಲೂಕಿನಲ್ಲಿ ಹುಟ್ಟಿ ಹೈದರಾಬಾದನ್ನು ಕುಣಿಸಿದವನು ನಾನು.

ವೈನಿಗೆ, ದತ್ತೋಬಾನ ಹೆಂಡತಿಗೆ, ಫೋನ್ ಮಾಡಬೇಕು. ಬೈಯಲಿ. ನನ್ನ ಹತ್ತಿರ ಉತ್ತರವಿದೆ— ಹುಡುಗಿಯ ನಿಶ್ಚಯವಿತ್ತು ವೈನಿ, ಒಂದು ಉಪಾಯ ಮಾಡಿದೆ... ಅಲ್ಲ, ಹಾಗಲ್ಲ. ಮೊದಲು ಅಂಗಡಿ ಸುಟ್ಟದ್ದು ಹೇಳಬೇಕು. ಬೆಂಕಿ ಬಿದ್ದಿತ್ತು, ಅದಕ್ಕೇ ಬರಲಾಗಲಿಲ್ಲ ಎಂದರೆ ಯಾರು ಇಲ್ಲ ಎನ್ನುತ್ತಾರೆ. ಆದರೆ ಬೆಂಕಿ ಬಿದ್ದದ್ದು ಮರುದಿನ. ಸಂಜೆಯತನಕ ಕಾದರಂತೆ. ಆ ಸಂಜೆ ನಾನು ದಾರಿ ಬಿಡಿಸುತ್ತ—

ರಿಂಗ್ ಆಗುತ್ತಿದೆ. ಎತ್ತಿದಳು. ವೈನಿ, ನಾ ನಾಮು. ದತ್ತೋಬಾ—