ಅಮ್ಮ ಹೊಲಿದುಕೊಟ್ಟ ಪಾಠದ ಬೊಂಬೆ

ಆಸ್ಪತ್ರೆಯ ಕ್ವಾರ್ಟರ್ಸು, ಹದಿನಾಲ್ಕನೇ ಮನೆ
ಮಾರ್ಚ್ ಒಂಬತ್ತು, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯಿತೇ? ಭಾವನವರಿಗೆ ಪವರ್‌ಹೌಸಿನಲ್ಲಿ ಪಾಳಿ ಬದಲಾಯಿತು ಅಂತ ಬರೆದಿದ್ದೆ, ಈಗಲಾದರೂ ಸರಿಯಾಗಿ ನಿದ್ದೆ ಮಾಡುತ್ತಾರಾ? ಮಗಳ ಪರೀಕ್ಷೆ ಹೇಗಾಯಿತು? ನಾನು ಚೆನ್ನಾಗಿದ್ದೇನೆ. ಉಣ್ಣುತ್ತೇನೆ, ಡ್ಯೂಟಿಗೆ ಹೋಗುತ್ತೇನೆ, ಬರುತ್ತೇನೆ. ಇಷ್ಟು ವಾಡಿಕೆಯ ಮಾತಾಯಿತು. ಇನ್ನು ಮುಂದಿನದು ಅಮ್ಮ ಹೋದಾಗಿನಿಂದ, ಏಳು ವಾರ ಹೊಟ್ಟೆಯಲ್ಲಿಟ್ಟುಕೊಂಡದ್ದು. ಫೋನಿನಲ್ಲಿ ಹೇಳಿದರೆ ನೀನು ಅತ್ತು ಇಟ್ಟುಬಿಡುತ್ತೀಯ. ಕಾಗದವಾದರೆ ಕೊನೆಯವರೆಗೂ ಓದಲೇಬೇಕು.

ಅಮ್ಮ ಹಾಸಿಗೆ ಹಿಡಿದ ಏಳು ತಿಂಗಳಲ್ಲಿ ನೀನು ಒಂದು ಸಲವೂ ಬರಲಿಲ್ಲ. ಮೊದಲು ಮಂಡಿ ಅಂದೆ, ಆಮೇಲೆ ಮಗಳ ಓದು ಅಂದೆ, ಆಮೇಲೆ ಏನೂ ಅನ್ನಲಿಲ್ಲ. ಮಣ್ಣಿಗೂ ಬರಲಿಲ್ಲ. ಬಂದವರೆಲ್ಲ ‘ಮಗಳೆಲ್ಲಿ, ಮಗಳೆಲ್ಲಿ’ ಅಂತ ಕೇಳಿದರು. ‘ದಾರೀಲಿದ್ದಾಳೆ’ ಅಂತ ಬೆಳಿಗ್ಗೆಯಿಂದ ಸಂಜೆಯವರೆಗೂ ಸುಳ್ಳು ಹೇಳಿದೆ. ಎರಡು ದಿನದ ದಾರಿ ಅಂತ ಅವರಿಗೂ ಗೊತ್ತು, ಏಳು ತಿಂಗಳಲ್ಲಿ ಎಷ್ಟು ದಿನ ಇರುತ್ತವೆ ಅಂತಲೂ ಗೊತ್ತು. ವಾರ್ಡಿನಲ್ಲಿ ಗುರುತು ಪರಿಚಯ ಇಲ್ಲದ ಹೆಂಗಸರೆಲ್ಲ ಈ ಗಂಡು ನರ್ಸನ್ನು ‘ಬ್ರದರ್, ಬ್ರದರ್’ ಅಂತ ಬಾಯಿತುಂಬ ಕರೆಯುತ್ತಾರೆ. ಒಡಹುಟ್ಟಿದವಳಿಗೆ ಮಾತ್ರ ನಾನೊಬ್ಬ ತಮ್ಮ ಇದ್ದೇನೆ ಅನ್ನುವುದು ನೆನಪಾಗಲಿಲ್ಲ.

ಆದರೆ ನನ್ನ ಸಿಟ್ಟು ನೀನು ಬರಲಿಲ್ಲ ಅಂತಲ್ಲ. ಅದಕ್ಕಿಂತ ಹಿಂದಿನದು.

ನಮ್ಮ ವಾರ್ಡಿನ ದೊಡ್ಡ ಸಿಸ್ಟರ್ ಗೊತ್ತಲ್ಲ, ನಗುವುದನ್ನೂ ರಿಜಿಸ್ಟರಿನಲ್ಲಿ ಬರೆದಿಡುವವರು. ಹೋದ ವರ್ಷದ ಹಿಂದಿನ ವರ್ಷ ಅವರು ನಮಗೆಲ್ಲ ಒಂದು ಪರೀಕ್ಷೆ ಇಟ್ಟರು. ಹೆಚ್ಚಾಗಿ ಕಾಣುವ ಕ್ಯಾನ್ಸರುಗಳು, ಅವುಗಳ ಲಕ್ಷಣ, ಆರೈಕೆ, ಎಲ್ಲ ಸೇರಿ ಮೂವತ್ತು ಪ್ರಶ್ನೆ. ಮೂವತ್ತಕ್ಕೆ ಮೂವತ್ತು ಬಂದದ್ದು ನನಗೊಬ್ಬನಿಗೇ. ಅದಕ್ಕೇ ಬಟ್ಟೆ ಕಾರ್ಖಾನೆಯ ಹೆಂಗಸರಿಗೆ ಪಾಠ ಮಾಡಲು ನನ್ನನ್ನೇ ಕಳಿಸಿದರು. ಸ್ತನದಲ್ಲಿ ಗಂಟು ಇದೆಯೋ ಇಲ್ಲವೋ ತಾವೇ ಮುಟ್ಟಿ ನೋಡಿಕೊಳ್ಳುವುದು ಹೇಗೆ ಅಂತ ತೋರಿಸಲು ಒಂದು ಬೊಂಬೆ ಬೇಕಿತ್ತು. ಕೊಳ್ಳುವುದಕ್ಕೆ ಆಸ್ಪತ್ರೆಯವರು ಒಪ್ಪಲಿಲ್ಲ. ಅಮ್ಮ ಹೊಲಿದುಕೊಟ್ಟಳು. ಮೆತ್ತನೆ ಬಟ್ಟೆ, ಒಳಗೆ ಹತ್ತಿ, ಹತ್ತಿಯೊಳಗೆ ಗಂಟಿನ ಬದಲು ಒಂದು ಒಣ ಬಟಾಣಿ ಕಾಳು. ಕಾಳನ್ನು ಎಲ್ಲಿ ಇಡಬೇಕು ಅಂತ ನಾನು ಹೇಳಿರಲಿಲ್ಲ. ಕಂಕುಳ ಕಡೆಗೆ, ಮೇಲಿನ ಮೂಲೆಯಲ್ಲಿ ಇಟ್ಟಿದ್ದಳು. ಹೆಚ್ಚಿನವರಿಗೆ ಗಂಟು ಬರುವುದು ಅಲ್ಲಿಯೇ. ನಾನು ಮುಟ್ಟಿ ನೋಡಿ, ‘ಭೇಷ್ ಅಮ್ಮಾ, ಇಷ್ಟು ಸರಿಯಾಗಿ ಹೇಗೆ ಗೊತ್ತಾಯ್ತು?’ ಅಂದೆ. ‘ಏನೋ ಅಂದಾಜು ಕಣೋ’ ಅಂದಳು. ಹಲ್ಲಿನಿಂದ ದಾರ ಕಡಿದು ಒಳಗೆ ಎದ್ದುಹೋದಳು. ಮೂವತ್ತಕ್ಕೆ ಮೂವತ್ತು ತೆಗೆದ ನಾನು ಆ ಬೊಂಬೆಯನ್ನು ಚೀಲಕ್ಕೆ ಹಾಕಿಕೊಂಡು, ಇನ್ನೂರು ಹೆಂಗಸರಿಗೆ ‘ನಾಚಿಕೆ ಪಡಬೇಡಿ, ಮನೆಯವರಿಗೆ ಹೇಳಿ, ಮೊದಲೇ ಬಂದರೆ ಗುಣವಾಗುತ್ತೆ’ ಅಂತ ಭಾಷಣ ಬಿಗಿದು ಬಂದೆ. ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಆ ಗಾದೆ ಮಾಡಿದವನು ನಮ್ಮ ಮನೆಗೆ ಬಂದುಹೋಗಿರಬೇಕು.

ಆಮೇಲಾಮೇಲೆ ಅಮ್ಮ ಬೇಸಿಗೆಯಲ್ಲೂ ಶಾಲು ಹೊದೆಯತೊಡಗಿದಳು. ಪೌಡರ್ ಡಬ್ಬಿ ತಿಂಗಳಿಗೆ ಎರಡು ಖಾಲಿಯಾಗುತ್ತಿತ್ತು. ‘ಈ ವಯಸ್ಸಲ್ಲಿ ಯಾರಿಗಮ್ಮ ಇಷ್ಟೊಂದು ಅಲಂಕಾರ?’ ಅಂತ ನಾನೇ ತಮಾಷೆ ಮಾಡಿದೆ. ವಾರ್ಡಿನ ಬಾಗಿಲಲ್ಲಿ ನಿಂತು ಯಾವ ಮಂಚದ ಗಾಯ ಕೀವಾಗಿದೆ ಅಂತ ಹೇಳಬಲ್ಲ ಮೂಗು ನನ್ನದು. ಆ ಮೂಗಿಗೆ ಮನೆಯಲ್ಲಿ ಪೌಡರ್ ವಾಸನೆ ಬಿಟ್ಟು ಬೇರೇನೂ ಬರಲಿಲ್ಲ. ಒಂದು ದಿನ ನೀರಿನ ಬಿಂದಿಗೆ ಎತ್ತಲು ಹೋಗಿ ಕೈ ಮೇಲೇಳದೆ ಅಲ್ಲೇ ಕೂತಳು. ಶಾಲು ಜಾರಿತು. ಒಳಗಿನ ಬಟ್ಟೆಯ ಮೇಲೆ ಅಂಗೈಯಷ್ಟು ಕಂದು ಕಲೆ. ನಾನು ಬಿಡಿಸಿ ನೋಡಲು ಹೋದರೆ ಎರಡೂ ಕೈ ಅಡ್ಡ ಇಟ್ಟುಕೊಂಡು, ‘ಬೇಡ ಕಣೋ, ನೀನು ಗಂಡುಮಗ’ ಅಂತ ಕೂಗಿದಳು. ಅಷ್ಟು ಹೊತ್ತಿಗೆ ಅದು ಗಂಟಾಗಿ ಉಳಿದಿರಲಿಲ್ಲ, ಚರ್ಮ ಒಡೆದು ಹುಣ್ಣಾಗಿತ್ತು. ಸ್ಕ್ಯಾನ್ ಮಾಡಿದರೆ ಮೂಳೆಗೂ ಹೋಗಿತ್ತು, ಲಿವರಿಗೂ ಹೋಗಿತ್ತು. ಡಾಕ್ಟರು ನನಗೆ ಬಿಡಿಸಿ ಹೇಳಲಿಲ್ಲ. ಫಿಲ್ಮನ್ನು ಬೆಳಕಿಗೆ ಹಿಡಿದು ನನ್ನ ಕಡೆ ತಿರುಗಿಸಿದರು, ಅಷ್ಟೆ.

ಮೊದಲ ಹತ್ತು ದಿನ ದೊಡ್ಡ ಸಿಸ್ಟರೇ ಮನೆಗೆ ಬಂದು ಗಾಯ ತೊಳೆದರು. ನಾನು ಬಾಗಿಲ ಹೊರಗೆ ಸಾಮಾನು ಹಿಡಿದು ನಿಂತಿರುತ್ತಿದ್ದೆ. ಹನ್ನೊಂದನೇ ದಿನ ಅವರಿಗೆ ಜ್ವರ. ಅಮ್ಮ ಮುಖ ಗೋಡೆಗೆ ತಿರುಗಿಸಿ, ‘ಬಾ, ಮಾಡು’ ಅಂದಳು. ಅಂದಿನಿಂದ ಕೊನೆಯವರೆಗೂ ನಾನೇ ಮಾಡಿದೆ. ಒಣಗಿ ಅಂಟಿದ ಬಟ್ಟೆಯನ್ನು ಕಿತ್ತರೆ ರಕ್ತ ಬರುತ್ತದೆ, ಅದಕ್ಕೇ ಉಪ್ಪುನೀರಿನಲ್ಲಿ ನೆನೆಸಿ ನೆನೆಸಿ, ತಾನಾಗಿ ಬಿಡುವವರೆಗೆ ಕಾಯಬೇಕು. ವಾಸನೆ ತಡೆಯಲು ಡಾಕ್ಟರು ಹೇಳಿದ ಮಾತ್ರೆಯನ್ನು ಪುಡಿ ಮಾಡಿ ಮೇಲೆ ಉದುರಿಸುತ್ತಿದ್ದೆ. ಕೈ ಬಾತು ಭಾರವಾಗಿತ್ತು, ದಿಂಬಿನ ಮೇಲೆ ಎತ್ತಿಡುತ್ತಿದ್ದೆ. ಆ ಕೈಗೆ ಯಾರೂ ಸೂಜಿ ಚುಚ್ಚದ ಹಾಗೆ ಕಾವಲು ಕಾಯುತ್ತಿದ್ದೆ. ನೋವಿನ ಔಷಧಿ ನಾಲ್ಕು ಗಂಟೆಗೊಮ್ಮೆ, ನೋವು ಬರಲಿ ಅಂತ ಕಾಯದೆ, ಗಡಿಯಾರ ನೋಡಿ. ಎಲ್ಲವನ್ನೂ ಸರಿಯಾಗಿ ಮಾಡಿದೆ, ಅಕ್ಕಾ. ಒಂದೇ ಒಂದು ಕಡೆಯೂ ಬೆನ್ನು ಹುಣ್ಣಾಗಲು ಬಿಡಲಿಲ್ಲ. ಕಲಿತ ವಿದ್ಯೆಯೆಲ್ಲ ಅಮ್ಮನನ್ನು ಅಚ್ಚುಕಟ್ಟಾಗಿ ಸಾಯಿಸುವುದಕ್ಕೆ ಉಪಯೋಗಕ್ಕೆ ಬಂತು.

ಹಾಗೆ ಬಟ್ಟೆ ನೆನೆಸಿಕೊಂಡು ಕೂತಿದ್ದಾಗಲೇ ಒಂದು ಮಧ್ಯಾಹ್ನ ಕೇಳಿದೆ, ‘ಯಾಕಮ್ಮ ಯಾರಿಗೂ ಹೇಳಲಿಲ್ಲ?’ ಅಮ್ಮ ಗೋಡೆ ನೋಡುತ್ತಲೇ, ‘ನಿಮ್ಮಕ್ಕಂಗೆ ಹೇಳಿದ್ದೆನಲ್ಲ’ ಅಂದಳು. ನೀನು ರಜೆಗೆ ಬಂದಿದ್ದೆಯಂತೆ. ಬಚ್ಚಲುಮನೆಯಲ್ಲಿ ನಿನ್ನ ಕೈ ಹಿಡಿದು ಮುಟ್ಟಿಸಿದಳಂತೆ. ಬಟಾಣಿಯಷ್ಟಿತ್ತಂತೆ. ‘ತಮ್ಮನಿಗೆ ಹೇಳಿದರೆ ನನ್ನ ಮೇಲಾಣೆ’ ಅಂದಳಂತೆ. ನೀನು ‘ಇಲ್ಲಮ್ಮ, ಹೇಳಲ್ಲ’ ಅಂದೆಯಂತೆ. ಹುಣ್ಣು ನನ್ನ ಕಣ್ಣಿಗೆ ಬೀಳುವ ಹೊತ್ತಿಗೆ ಅದಾಗಿ ಹದಿನಾಲ್ಕು ತಿಂಗಳಾಗಿತ್ತು.

ಆ ಹದಿನಾಲ್ಕು ತಿಂಗಳಲ್ಲಿ ನೀನು ನನಗೆ ಬರೆದ ಕಾಗದಗಳನ್ನೆಲ್ಲ ಹುಡುಕಿ ತೆಗೆದು ಮತ್ತೆ ಓದಿದೆ. ಒಂಬತ್ತು ಕಾಗದ. ಹಾಲಿನವನ ಜಗಳ ಇದೆ, ಭಾವನವರ ಹಲ್ಲುನೋವು ಇದೆ, ನಿಮ್ಮ ಓಣಿಯ ಬೆಕ್ಕು ಮರಿ ಹಾಕಿದ್ದೂ ಇದೆ. ಇದಿಲ್ಲ. ಅಮ್ಮನಿಗೆ ಮಗನ ಮುಂದೆ ನಾಚಿಕೆ, ಅದನ್ನು ಒಪ್ಪುತ್ತೇನೆ. ನಿನಗೆ ಏನಾಗಿತ್ತು? ಬಟಾಣಿಯಷ್ಟಿದ್ದಾಗ ಬಂದ ಎಷ್ಟೋ ಹೆಂಗಸರು ಆಪರೇಷನ್ ಆಗಿ, ಕೂದಲು ಉದುರಿ, ಮತ್ತೆ ಬೆಳೆದು, ವರ್ಷಕ್ಕೊಮ್ಮೆ ತಪಾಸಣೆಗೆ ಬಂದು ನನ್ನ ಹತ್ತಿರ ಹರಟೆ ಹೊಡೆದು ಹೋಗುತ್ತಾರೆ. ಅವರು ಬಂದಾಗಲೆಲ್ಲ ನಾನು ನಗುತ್ತೇನೆ, ಆಮೇಲೆ ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತೇನೆ. ನೀನು ಆಣೆ ಉಳಿಸಿಕೊಂಡೆ, ಅಮ್ಮನನ್ನು ಉಳಿಸಿಕೊಳ್ಳಲಿಲ್ಲ. ಇದನ್ನು ಮರೆಯುವಷ್ಟು ದೊಡ್ಡ ಮನಸ್ಸು ನನಗೆ ದೇವರು ಕೊಟ್ಟಿಲ್ಲ.

ಭಾವನವರಿಗೆ ನಮಸ್ಕಾರ ಹೇಳು. ಮಗಳು ಚೆನ್ನಾಗಿ ಓದಲಿ, ನೂರು ವರ್ಷ ಬಾಳಲಿ. ನಿನಗೆ ಏನು ಬರೆಯಬೇಕೋ ತೋಚುತ್ತಿಲ್ಲ, ಆ ಜಾಗ ಖಾಲಿ ಬಿಟ್ಟಿದ್ದೇನೆ.

ಇಂತಿ,
ನೀನು ಮೊದ್ದು ಅಂತ ಕರೆಯುತ್ತಿದ್ದ ತಮ್ಮ

ತಾ.ಕ.: ಸೋಮವಾರ ಬೆಳಿಗ್ಗೆ. ಕಾಗದ ಅಂಟಿಸುವ ಮೊದಲು ಅಮ್ಮನ ದಿಂಬಿನ ಗವಸು ಒಗೆಯಲು ತೆಗೆದೆ. ಒಳಗೆ ಡಿಸೆಂಬರಿನಲ್ಲಿ ನೀನು ಅಮ್ಮನಿಗೆ ಬರೆದ ಕಾಗದ ಇತ್ತು. ಓದಿಬಿಟ್ಟೆ, ಬೇಕಾದರೆ ಬೈಯಿ. ‘ನನಗೂ ಎಡಗಡೆ ಅದೇ ಥರ ಸಿಕ್ತಾ ಇದೆ ಅಮ್ಮಾ, ನಿನ್ನನ್ನು ನೋಡೋಕೆ ಧೈರ್ಯ ಸಾಲದು, ತಮ್ಮನಿಗೆ ಮಾತ್ರ ಹೇಳಬೇಡ.’ ಅದರ ಬೆನ್ನಿಗೆ ಅಮ್ಮ ಪೆನ್ಸಿಲಿನಲ್ಲಿ ಬರೆದಿದ್ದಾಳೆ, ಅಕ್ಷರಗಳು ಗೆರೆ ಬಿಟ್ಟು ಕೆಳಗಿಳಿದಿವೆ: ‘ನನ್ನ ಹಾಗೆ ಮಾಡಬೇಡ ಮಗಳೇ. ತಮ್ಮನಿಗೆ ಹೇ’. ಅಲ್ಲಿಗೇ ನಿಂತಿದೆ. ಅಕ್ಕಾ, ಗಂಟೆಲ್ಲ ಕ್ಯಾನ್ಸರ್ ಅಲ್ಲ, ಆದರೆ ಮೂರು ತಿಂಗಳಾಗಿಹೋಯಿತು, ಇನ್ನೊಂದು ದಿನ ಬೇಡ. ಗುರುವಾರ ಹತ್ತು ಗಂಟೆಗೆ ನಮ್ಮ ಆಸ್ಪತ್ರೆಯಲ್ಲಿ ನಿನ್ನ ಹೆಸರಿಗೆ ಚೀಟಿ ಮಾಡಿಸಿದ್ದೇನೆ. ಡಾಕ್ಟರು ಹೆಂಗಸು, ಒಳಗೆ ದೊಡ್ಡ ಸಿಸ್ಟರ್ ಇರುತ್ತಾರೆ, ನಾನು ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ಈ ಕಾಗದ ಮುಟ್ಟುವಷ್ಟು ಹೊತ್ತು ಕಾಯಲಾರೆ, ಈಗಲೇ ಪವರ್‌ಹೌಸಿಗೆ ಫೋನ್ ಮಾಡಿ ಭಾವನವರಿಗೆ ಎಲ್ಲ ಹೇಳುತ್ತಿದ್ದೇನೆ. ನಿನ್ನ ಗುಟ್ಟು ನಾನು ಕಾಯುವುದಿಲ್ಲ.