ಹಗ್ಗದ ಈಚೆಗೂ ಬರಲಿ ಆ ಯಂತ್ರ

ಮಹಾಯುದ್ಧದ ಸ್ಮರಣೆಗೆಂದೇ ನೇಮಕಗೊಂಡು ದೊಡ್ಡ ದೇಶದಿಂದ ನಮ್ಮ ಗ್ವಾಡಲ್‌ಕನಾಲ್ ದ್ವೀಪಕ್ಕೆ ಬಂದಿರುವ ಮಾನ್ಯ ಅಧಿಕಾರಿಗಳೇ,

ನನಗೆ ಭಯವಾಗಿದೆ. ಮೊದಲೇ ಹೇಳಿಬಿಡುತ್ತೇನೆ, ಸುತ್ತಿ ಬಳಸಿ ಬರೆಯಲು ಸಮಯವಿಲ್ಲ. ಬರುವ ಶನಿವಾರ ಬೆಳಗ್ಗೆ ಆರು ಗಂಟೆಗೆ, ನಿಮ್ಮ ಮುನ್ನೂರು ಅತಿಥಿಗಳ ಊಟಕ್ಕಾಗಿ, ಈವರೆಗೆ ಯಾರೂ ಒಲೆ ಹೂಡದ ನೆಲದ ಮೇಲೆ ನಾನು ಬೆಂಕಿ ಹಾಕಬೇಕಾಗಿದೆ. ಆ ನೆಲದ ಕೆಳಗೆ ಏನಿದೆಯೋ ನನಗೆ ಗೊತ್ತಿಲ್ಲ. ನಿಮಗೂ ಗೊತ್ತಿಲ್ಲ. ತಿಳಿದುಕೊಳ್ಳುವ ಯಂತ್ರ ನಿಮ್ಮ ಬಳಿ ಇದೆ, ಆದರೆ ಅದು ನೀವು ಕಟ್ಟಿಸಿರುವ ಹಗ್ಗದ ಈಚೆಗೆ ಬರುವುದಿಲ್ಲ. ಇದು ನನ್ನ ದೂರು.

ನಾನು ವತುಬೋಲೊ ಊರಿನ ಶಾಲೆಯಲ್ಲಿ ಮೂವತ್ತೊಂದು ವರ್ಷದಿಂದ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಿರುವವಳು. ನಮ್ಮಲ್ಲಿ ಅಕ್ಷರಕ್ಕಿಂತ ಮೊದಲು ಕಲಿಸುವುದು ಬೇರೆಯೇ ಒಂದು ಪಾಠ. ತುಕ್ಕು ಹಿಡಿದದ್ದನ್ನು ಮುಟ್ಟಬೇಡಿ, ಕಂಡ ಕೂಡಲೇ ನಿಂತುಬಿಡಿ, ಬಂದ ಹೆಜ್ಜೆಯ ಮೇಲೇ ಹೆಜ್ಜೆಯಿಟ್ಟು ಹಿಂದಕ್ಕೆ ಹೋಗಿ. ಹೋದ ವರ್ಷ ಒಬ್ಬಳು ಪುಟ್ಟಿ ಎದ್ದು ನಿಂತು, "ಟೀಚರ್, ನಮ್ಮಪ್ಪನ ಸೈಕಲ್ಲಿಗೂ ತುಕ್ಕು ಹಿಡಿದಿದೆ, ಅದನ್ನೂ ಮುಟ್ಟಬಾರ್ದಾ?" ಎಂದಳು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಬಿಡುವಿನ ಗಂಟೆ ಬಾರಿಸಿದೆ. ಆ ಗಂಟೆ ಯಾವುದರಿಂದ ಆದದ್ದು ಎಂದು ನೀವು ಶಾಲೆಗೆ ಬಂದಾಗ ಕೇಳಲಿಲ್ಲ, ಆಗ ತೆಗೆದ ನಿಮ್ಮ ಫೋಟೋದಲ್ಲಿ ಮಾತ್ರ ಚೆನ್ನಾಗಿ ಬಂದಿದೆ. ಅದು ನಿಮ್ಮ ಬಾಂಬಿನ ಖಾಲಿ ಚಿಪ್ಪು.

ನಮ್ಮ ಅಡುಗೆಯ ರೀತಿ ನಿಮಗೆ ಸ್ವಲ್ಪ ತಿಳಿದಿರಬೇಕು. ಹಬ್ಬ, ಮದುವೆ, ಸಾವು ಏನೇ ಇರಲಿ, ನೆಲದಲ್ಲಿ ಗುಂಡಿ ತೋಡಿ, ಸೌದೆಯ ಮೇಲೆ ಕಲ್ಲು ಪೇರಿಸಿ, ಕಲ್ಲು ಬಿಳಿಚುವವರೆಗೆ ಕಾಯಿಸುತ್ತೇವೆ. ಆಮೇಲೆ ಬಾಳೆಎಲೆಯಲ್ಲಿ ಸುತ್ತಿದ ಗೆಣಸು, ಕೆಸುವಿನ ಗಡ್ಡೆ, ಹಂದಿ, ಮೀನು ಎಲ್ಲವನ್ನೂ ಆ ಕಲ್ಲುಗಳ ನಡುವೆ ಹೂತು ಮುಚ್ಚುತ್ತೇವೆ. ಕಲ್ಲು ಕಾಯಲು ಎರಡು ಗಂಟೆಯಾದರೂ ಬೇಕು. ಆ ಎರಡು ಗಂಟೆಯೂ ಶಾಖ ನೆಲದೊಳಕ್ಕೆ ಇಳಿಯುತ್ತಲೇ ಇರುತ್ತದೆ. ಒಂದು ಮೊಳ ಕೆಳಗೆ ಎಂಬತ್ತು ವರ್ಷದಿಂದ ಸಿಡಿಯದೆ ಮಲಗಿರುವುದು ಏಳಲು ಅಷ್ಟು ಸಾಕು. ಅದಕ್ಕೇ ನಮ್ಮ ಹೆಂಗಸರು ಹಳೆಯ ಕಲ್ಲೊಲೆಯನ್ನು ಬಿಟ್ಟು ಕದಲುವುದಿಲ್ಲ. ಅಜ್ಜಿ ಬೆಂಕಿ ಹಾಕಿದ ಜಾಗದಲ್ಲೇ ಅಮ್ಮ, ಅಮ್ಮ ಹಾಕಿದ ಜಾಗದಲ್ಲೇ ಮಗಳು. ಈ ಊರಿನಲ್ಲಿ ನಾವು ಕಣ್ಣು ಮುಚ್ಚಿ ನಂಬುವ ನೆಲ ಅಷ್ಟೇ.

ಹೊಸ ಒಲೆ ಹಾಕಿದರೆ ಏನಾಗುತ್ತದೆಂದು ನಾನು ಕಂಡಿದ್ದೇನೆ. ನನಗಾಗ ಹನ್ನೊಂದು ವರ್ಷ. ಚಂಡಮಾರುತಕ್ಕೆ ಹೊಳೆದಂಡೆಯ ಮನೆಗಳೆಲ್ಲ ಕೊಚ್ಚಿಹೋಗಿ ನಾವು ದಿಬ್ಬದ ಮೇಲಕ್ಕೆ ಬಂದಿದ್ದೆವು. ಈಸ್ಟರ್ ಹಬ್ಬಕ್ಕೆ ಚಿಕ್ಕಮ್ಮ ಅಗಾಟಾ ಹೊಸ ಕಲ್ಲೊಲೆ ಹೂಡಿದಳು. ಬೆಂಕಿ ಹಚ್ಚಿ ಎಲ್ಲರೂ ಓಡಿಹೋಗಿ ತೆಂಗಿನ ಮರಗಳ ಹಿಂದೆ ಅಡಗಿ ಕುಳಿತೆವು, ಹೊಸ ಒಲೆಗೆ ಹಾಗೆಯೇ ಮಾಡುವುದು ವಾಡಿಕೆ. ಅರ್ಧ ಗಂಟೆ ಕಳೆಯಿತು, ಏನೂ ಆಗಲಿಲ್ಲ. ಚಿಕ್ಕಮ್ಮನೇ ಮೊದಲು ಎದ್ದಳು. "ನೋಡಿದ್ರಾ, ಸುಮ್ನೆ ಓಡಿಸಿ ಸುಸ್ತು ಮಾಡಿದ್ರಿ. ಬನ್ರೇ, ಕಾಯಿ ತುರಿಯೋದಿದೆ" ಎಂದು ನಗುತ್ತಾ ಹೋಗಿ ಒಲೆಯ ಪಕ್ಕ ಕುಳಿತಳು. "ಮಗಾ, ಹೋಗಿ ಇನ್ನಷ್ಟು ಎಲೆ ಕೊಯ್ಕೊಂಡ್ ಬಾ" ಎಂದು ನನ್ನನ್ನು ಕಳಿಸಿದಳು. ಹಾಗೆ ಕಳಿಸಿದ್ದರಿಂದ ಈ ಪತ್ರ ಬರೆಯಲು ನಾನು ಉಳಿದಿದ್ದೇನೆ. ಬಾಳೆಯ ತೋಪಿನಲ್ಲಿದ್ದ ನನ್ನ ಕಾಲ ಬಳಿಗೆ ಬಂದು ಬಿದ್ದದ್ದು ಅವಳು ತುರಿಯುತ್ತಿದ್ದ ಕಾಯಿಯ ಹೋಳು, ಅರ್ಧ ತುರಿದದ್ದು. ಉಳಿದದ್ದನ್ನು ಬರೆಯುವುದಿಲ್ಲ. ಚಿಕ್ಕಮ್ಮನ ಜೊತೆ ಇನ್ನಿಬ್ಬರು ಹೋದರು. ನಿಮ್ಮ ಯುದ್ಧ ಮುಗಿದು ಆಗ ಮೂವತ್ತೈದು ವರ್ಷ ಆಗುತ್ತಾ ಬಂದಿತ್ತು.

ಇನ್ನು ನಿಮ್ಮ ಸ್ಮಾರಕದ ಮಾತು. ಹೋದ ವರ್ಷ ನಿಮ್ಮ ಕಚೇರಿಯವರು ಬಂದು ಸಮುದ್ರಕ್ಕೆ ಮುಖ ಮಾಡಿದ ಒಳ್ಳೆಯ ಜಾಗ ಬೇಕೆಂದರು. ಚರ್ಚಿನ ಪಕ್ಕದ ಬಯಲನ್ನು ತೋರಿಸಿ ಇದೇ ಆಗಬೇಕು ಎಂದರು. ಇಡೀ ಊರು ಒಟ್ಟಿಗೆ ಉಣ್ಣುವಾಗ ಉರಿಸುವ ದೊಡ್ಡ ಕಲ್ಲೊಲೆ ಇದ್ದದ್ದು ಅಲ್ಲೇ. ನಮ್ಮಲ್ಲಿ ಭೂಮಿ ತಾಯಿಯಿಂದ ಮಗಳಿಗೆ ಬರುತ್ತದೆ. ಆದರೆ ನೀವು ಕೇಳಿದ್ದು ಗಂಡಸರನ್ನು. ನನ್ನ ಸೋದರಮಾವ ಡೊಮಿನಿಕೊ ನಮ್ಮ ಮನೆತನದ ಹಿರಿಯರು, ಒಳ್ಳೆಯ ಮನುಷ್ಯ, ಅವರು ರುಜು ಹಾಕಿಬಿಟ್ಟರು. ನಾನು ಜಗಳಕ್ಕೇ ಹೋದೆ.

"ಮಾವ, ಒಲೆ ಜಾಗಾನ ಕೊಟ್ಬಿಟ್ರಾ? ನಮ್ಮನ್ನ ಒಂದು ಮಾತು ಕೇಳೋದಲ್ವಾ?"

"ಬೈಬೇಡ ಕಣೇ. ಕಲ್ಲಿನ ಮೇಲೆ ನಮ್ಮೂರೋರ ಹೆಸ್ರು ಬರುತ್ತೆ. ನಿಮ್ಮ ತಾತನ ಹೆಸ್ರೂ ಬರುತ್ತೆ. ಎಂಬತ್ತು ವರ್ಷ ಆಯ್ತು, ಇನ್ನು ಯಾವಾಗ ಬರ್ಬೇಕು ಅದು?"

"ಬರುತ್ತೆ ಅಂತ ಅವ್ರು ಹೇಳಿದ್ರಾ, ನೀವೇ ಅಂದ್ಕೊಂಡ್ರಾ?"

ಮಾವ ಅಡಿಕೆ ಅಗಿಯುವುದನ್ನು ನಿಲ್ಲಿಸಿದರು. "ಯುದ್ಧದ ಕಲ್ಲು ಅಂದ್ಮೇಲೆ ಹಾಕ್ದೇ ಇರ್ತಾರಾ?" ಎಂದರು.

ಹಾಕಲಿಲ್ಲ, ಮಾನ್ಯರೇ. ನೀವು ಕಳಿಸಿದ ಕಲ್ಲಿನ ಬರಹದ ಕರಡಿನಲ್ಲಿ ನಿಮ್ಮ ದಳಗಳ ಹೆಸರಿದೆ, ಹಡಗುಗಳ ಹೆಸರಿದೆ, ಸೇನೆ ಸಾಕಿದ್ದ ಒಂದು ನಾಯಿಯ ಹೆಸರೂ ಇದೆ. ಕೊನೆಯ ಸಾಲಿನಲ್ಲಿ ಚಿಕ್ಕ ಅಕ್ಷರದಲ್ಲಿ 'ಸ್ಥಳೀಯ ನೆರವಿನೊಂದಿಗೆ' ಎಂದಿದೆ. ನಮ್ಮೂರಿನ ಹನ್ನೊಂದು ಜನ ನಿಮ್ಮ ಗಾಯಾಳುಗಳನ್ನು ಹೊತ್ತು ಕಾಡು ದಾಟಿಸಿದರು, ಶತ್ರು ಎಲ್ಲಿ ಅಡಗಿದ್ದಾನೆಂದು ನೋಡಿ ಬಂದು ಹೇಳಿದರು. ನಾಲ್ವರು ಹಿಂತಿರುಗಲೇ ಇಲ್ಲ. ಇದನ್ನು ಬರೆದು ಕೇಳಿದಾಗ ನಿಮ್ಮ ಕಚೇರಿ ಉತ್ತರಿಸಿತು: ಅವರು ಸೇನೆಗೆ ಸೇರಿದವರಲ್ಲ, ಕೂಲಿಗೆ ಬಂದವರು, ಹೆಸರು ಕೆತ್ತಲು ನಿಯಮದಲ್ಲಿ ಅವಕಾಶವಿಲ್ಲ. ಗುಂಡು ಹಾರಿಸಿದವನು ಆ ನಾಲ್ವರ ನೇಮಕಾತಿ ಪತ್ರ ಪರಿಶೀಲಿಸಿದನೇ? ನಿಮ್ಮ ನಾಯಿ ಯಾವ ಅರ್ಜಿ ತುಂಬಿ ಸೇನೆಗೆ ಸೇರಿತ್ತು?

ನಮ್ಮವರೂ ಏನೂ ಕಮ್ಮಿಯಿಲ್ಲ ಬಿಡಿ. ರಾಜಧಾನಿಯಲ್ಲಿ ನಮ್ಮದೇ ಮಂತ್ರಿಗಳೊಬ್ಬರು, ನಾವಿಲ್ಲದಿದ್ದರೆ ಆ ಯುದ್ಧವನ್ನು ಯಾರೂ ಗೆಲ್ಲುತ್ತಿರಲಿಲ್ಲ ಎಂದು ಎದೆ ತಟ್ಟಿ ಭಾಷಣ ಮಾಡಿದರು. ನಿಮ್ಮ ದೇಶದ ಪತ್ರಿಕೆಗಳು ಅದನ್ನು ಗೇಲಿ ಮಾಡಿದವು. ನಮ್ಮ ಹುಡುಗರು ಸಿಟ್ಟಿಗೆದ್ದು ಅಂಗಿಯ ಮೇಲೆ ಬಾವುಟ ಬರೆಸಿಕೊಂಡರು. ಎರಡು ತಿಂಗಳಿಂದ ಇದೇ ಜಗಳ: ಯಾರು ಗೆದ್ದದ್ದು, ಯಾರ ಪಾಲು ಎಷ್ಟು. ನನ್ನ ತಾತ ಬ್ರೂನೊ ಆ ಹನ್ನೊಂದು ಜನರಲ್ಲಿ ಒಬ್ಬರು. ನಾನು ಚಿಕ್ಕವಳಿದ್ದಾಗ ಯಾರು ಗೆದ್ದರೆಂದು ಕೇಳಿದ್ದೆ. "ಗೆದ್ದೋರೂ ಹೋದ್ರು, ಸೋತೋರೂ ಹೋದ್ರು. ಸಾಮಾನು ಮಾತ್ರ ತಗೊಂಡು ಹೋಗ್ಲಿಲ್ಲ" ಎಂದರು ತಾತ. ಆ ಸಾಮಾನಿನ ವಿಷಯ ಯಾವ ಮಂತ್ರಿಯೂ ಎತ್ತುತ್ತಿಲ್ಲ, ನೀವೂ ಎತ್ತುತ್ತಿಲ್ಲ.

ಅಲ್ಲ, ತಪ್ಪು ಹೇಳಿದೆ. ನೀವು ಎತ್ತಿದ್ದೀರಿ, ನಿಮ್ಮ ಅತಿಥಿಗಳು ಕೂರುವ ಜಾಗದಲ್ಲಿ. ಕಳೆದ ತಿಂಗಳು ನಿಮ್ಮ ತಂಡ ಯಂತ್ರ ಹಿಡಿದು ಬಂದು, ಬಯಲಿಗೆ ಹಳದಿ ಹಗ್ಗ ಕಟ್ಟಿ, ಒಂಬತ್ತು ದಿನ ಹುಡುಕಿತು. ಹತ್ತೊಂಬತ್ತು ಬಾಂಬು ಸಿಕ್ಕವು. ಹಳೆಯ ಒಲೆಯ ಕೆಳಗೆ ಒಂದೂ ಇರಲಿಲ್ಲ, ನಮ್ಮ ಅಜ್ಜಿಯರ ಲೆಕ್ಕ ಸರಿಯಾಗಿತ್ತು. ಆದರೆ ಒಲೆಯಿಂದ ನಾಲ್ಕೇ ಮಾರು ದೂರದಲ್ಲಿ, ಪ್ರತಿ ಕ್ರಿಸ್‌ಮಸ್‌ಗೆ ನಾನು ಶಾಲೆಯ ಮಕ್ಕಳನ್ನು ಸಾಲಾಗಿ ಊಟಕ್ಕೆ ಕೂರಿಸುತ್ತಿದ್ದ ಕಡೆ, ಒಂದಿತ್ತು. ಅದನ್ನು ಮರಳಿನ ಚೀಲಗಳ ನಡುವೆ ಎತ್ತಿಕೊಂಡು ಹೋಗುವವರೆಗೆ ನೋಡುತ್ತಾ ನಿಂತಿದ್ದೆ. ಆಮೇಲೆ ಆ ತಂಡದ ಮುಖ್ಯಸ್ಥನ ಬಳಿಗೆ ಹೋದೆ.

"ಹಗ್ಗದ ಈ ಕಡೇನೂ ನೋಡ್ತೀರಲ್ಲಪ್ಪಾ? ಹೊಸ ಒಲೆ ಹಾಕೋಕೆ ಹೇಳಿರೋದು ಇಲ್ಲೇ. ಆ ಕಡೆ ಶಾಲೆ ಇದೆ."

"ಇಲ್ಲಮ್ಮ. ನನಗೆ ಕೊಟ್ಟಿರೋ ನಕ್ಷೆ ಹಗ್ಗಕ್ಕೇ ಮುಗಿಯುತ್ತೆ."

"ಬಾಂಬಿಗೂ ಆ ನಕ್ಷೆ ಕೊಟ್ಟಿದ್ದೀರಾ?"

ಅವನು ನಗಲಿಲ್ಲ. "ನಾನಾಗಿದ್ರೆ ಇಲ್ಲಿ ಬೆಂಕಿ ಹಾಕ್ತಿರ್ಲಿಲ್ಲಮ್ಮ" ಎಂದು ತಗ್ಗಿದ ದನಿಯಲ್ಲಿ ಹೇಳಿ ಯಂತ್ರವನ್ನು ಪೆಟ್ಟಿಗೆಗೆ ಹಾಕಿದ.

ಹಾಗಿದ್ದರೆ ಬೆಂಕಿ ಹಾಕಬೇಡಿ, ಊಟವನ್ನು ಹೋಟೆಲಿನಿಂದ ತರಿಸಿದರಾಯಿತು ಎನ್ನುತ್ತೀರಾ? ನಿಮ್ಮದೇ ಕಾರ್ಯಕ್ರಮ ಪಟ್ಟಿ ನೋಡಿ. ಹನ್ನೊಂದು ನಲವತ್ತಕ್ಕೆ, 'ಸ್ಥಳೀಯ ಮಹಿಳೆಯರು ಕಲ್ಲೊಲೆ ತೆರೆಯುವ ದೃಶ್ಯ, ಛಾಯಾಚಿತ್ರಗಳಿಗೆ ಅವಕಾಶ'. ಹೊಗೆ ಅತಿಥಿಗಳ ಕಣ್ಣಿಗೆ ಹೋಗದಿರಲೆಂದು ಒಲೆಯನ್ನು ಹಗ್ಗದ ಈಚೆ, ಶಾಲೆಯ ಕಡೆಗೆ ಹಾಕಿಸಿದವರೂ ನೀವೇ. ಮನೆಮನೆಯ ಒಲೆಗಳಲ್ಲಿ ಮುನ್ನೂರು ಜನರಿಗೆ ಬೇಯುವುದಿಲ್ಲ. ಮೇಲಾಗಿ, ನಮ್ಮ ನೆಲಕ್ಕೆ ಬಂದವರನ್ನು ನಮ್ಮ ಒಲೆಯಿಂದ ಉಣಿಸದೆ ಕಳಿಸಿದರೆ ಸುತ್ತಲಿನ ಹತ್ತು ಊರಿನಲ್ಲಿ ನಾವು ಮುಖವೆತ್ತಿ ತಿರುಗುವಂತಿಲ್ಲ. ನಮ್ಮ ಸರ್ಕಾರದ ಕಚೇರಿಗೂ ಹೋಗಿ ಕೇಳಿದೆ. "ಏನಾದ್ರೂ ಸಿಕ್ಕಿದ್ರೆ ಬಂದು ತಿಳ್ಸಿ, ಪಟ್ಟಿಗೆ ಸೇರಿಸ್ಕೋತೀವಿ" ಎಂದರು. ಸಿಕ್ಕಿದ ಮೇಲೆ ಬಂದು ತಿಳಿಸಲು ಯಾರು ಉಳಿದಿರಬೇಕು ಎಂದು ಕೇಳುವಷ್ಟು ಧೈರ್ಯ ಅಲ್ಲಿ ಬರಲಿಲ್ಲ.

ದೊಡ್ಡ ಒಲೆಗೆ ಮೊದಲ ಬೆಂಕಿ ಇಡಬೇಕಾದವಳು ಮನೆತನದ ಹಿರಿಯ ಹೆಂಗಸು. ಅಮ್ಮ ತೀರಿಕೊಂಡ ಮೇಲೆ ಅದು ನಾನು. ಹೋಗಲಿ, ನನಗೆ ಐವತ್ತೇಳಾಯಿತು. ಆದರೆ ಬೆಂಕಿ ಹಚ್ಚಿ ಓಡಿಹೋದರೆ ಮುಗಿಯುವುದಿಲ್ಲ, ಎರಡು ಗಂಟೆ ಸೌದೆ ಒಟ್ಟುತ್ತಿರಬೇಕು, ಕಲ್ಲು ಹೊರಳಿಸುತ್ತಿರಬೇಕು. ನನ್ನ ಮಗಳು ಮೆರಿಸಿಯಾನಾ ಏಳು ತಿಂಗಳ ಬಸುರಿ. ಗಂಡನ ಊರಿಗೆ ಹೋಗೆಂದರೆ ಹೋಗುತ್ತಿಲ್ಲ.

"ನಿನ್ನನ್ನ ಒಬ್ಳನ್ನೇ ಬಿಟ್ಟು ಹೋಗ್ಲಾ? ನಿಂಗೆ ಬಗ್ಗೋಕೇ ಆಗಲ್ಲ. ಕಲ್ಲನ್ನ ಯಾರು ಹೊರಳಿಸ್ತಾರೆ?"

"ಬೇರೆಯೋರು ಇದ್ದಾರೆ ಕಣೇ."

"ಬೇರೆಯೋರು ಯಾರಮ್ಮಾ? ಅವ್ರೂ ಯಾರಿಗೋ ಮಗಳು ತಾನೆ?"

ಇದಕ್ಕೆ ಉತ್ತರ ನಿಮಗೆ ಹೊಳೆದರೆ ಬರೆಯಿರಿ.

ಈಗ ನನ್ನ ಕೋರಿಕೆ. ನಿಮಗೂ ನಮಗೂ ನಡೆಯುತ್ತಿರುವ ಜಗಳವನ್ನು ನಾನು ಇಲ್ಲಿಗೇ ಮುಗಿಸುತ್ತೇನೆ. ಆ ಹನ್ನೊಂದು ಹೆಸರನ್ನು ಕೆತ್ತಬೇಡಿ. 'ಸ್ಥಳೀಯ ನೆರವಿನೊಂದಿಗೆ' ಎಂಬುದನ್ನೂ ಅಳಿಸಿಹಾಕಿ. ಯುದ್ಧವನ್ನು ನೀವೊಬ್ಬರೇ ಗೆದ್ದಿರೆಂದು ಬರೆದುಕೊಳ್ಳಿ, ನಾವು ಅದರ ಮುಂದೆ ನಿಂತು ಚಪ್ಪಾಳೆ ತಟ್ಟುತ್ತೇವೆ, ನನ್ನ ಮಕ್ಕಳಿಂದ ನಿಮ್ಮ ರಾಷ್ಟ್ರಗೀತೆ ಹಾಡಿಸುತ್ತೇನೆ. ಅದರ ಬದಲಿಗೆ ಆ ಯಂತ್ರವನ್ನು ಒಲೆಯಿಂದ ಶಾಲೆಯ ಬಾಗಿಲಿನವರೆಗೆ ಒಮ್ಮೆ ನಡೆಸಿ. ಅರ್ಧ ದಿನದ ಕೆಲಸ ಎಂದು ನಿಮ್ಮ ತಂಡದವನೇ ಹೇಳಿದ್ದಾನೆ.

ಇದನ್ನು ಬರೆಯಲು ನನಗೆ ನಾಚಿಕೆಯಾಯಿತು. ತಾತನ ಹೆಸರನ್ನು ಬಿಟ್ಟುಕೊಡಲು ನಾನು ಯಾರು? ಆದ್ದರಿಂದ ಈ ಬಹಿರಂಗ ಪತ್ರವನ್ನು ಪತ್ರಿಕೆಗೆ ಕಳಿಸುವ ಮೊದಲು ಡೊಮಿನಿಕೊ ಮಾವನಿಗೆ ಪೂರ್ತಿ ಓದಿ ಹೇಳಿದೆ. ಹೆಸರು ಕೆತ್ತಬೇಡಿ ಎಂಬಲ್ಲಿಗೆ ಬಂದಾಗ ಅವರು ಎದ್ದು ಹೊರಟುಹೋದರು. ನಿಮ್ಮ ಹಗ್ಗದವರೆಗೆ ಹೋಗಿ, ಬೆನ್ನು ಹಾಕಿ ನಿಂತುಕೊಂಡರು. ಆ ಹನ್ನೊಂದು ಜನರಲ್ಲಿ ಅವರ ಅಪ್ಪ, ಅಂದರೆ ನನ್ನ ತಾತ, ಇದ್ದರು, ಅಣ್ಣನೂ ಇದ್ದ. ಅಣ್ಣ ಹಿಂತಿರುಗದ ನಾಲ್ವರಲ್ಲಿ ಒಬ್ಬ. ಬಹಳ ಹೊತ್ತಾದ ಮೇಲೆ ಬಂದು, ನನ್ನ ಮುಖ ನೋಡದೆ, "ಆ ಸಾಲು ಹೊಡೆದು ಹಾಕ್ಬೇಡ. ಹಾಗೇ ಕಳ್ಸು" ಎಂದರು.

ಹಾಗೇ ಕಳಿಸಿದ್ದೇನೆ. ಇವತ್ತು ಮಂಗಳವಾರ. ಸೌದೆ ತಂದು ಪೇರಿಸಿದ್ದಾಗಿದೆ, ಕಲ್ಲುಗಳೂ ಬಂದಿವೆ, ಹಂದಿಗಳನ್ನು ಗುರುತು ಮಾಡಿದ್ದಾಗಿದೆ. ಮಗಳು ಇನ್ನೂ ಹೊರಟಿಲ್ಲ. ದಯವಿಟ್ಟು ಬೇಗ ಬನ್ನಿ.

ಇಂತಿ,
ಶನಿವಾರ ಬೆಳಗ್ಗೆ ಆರರವರೆಗಂತೂ ತಮ್ಮ ವಿಧೇಯಳಾದ,
ಫಿಲೊಮಿನಾ ವಸೂನಿ
ಶಾಲಾ ಶಿಕ್ಷಕಿ, ವತುಬೋಲೊ