ಎಡಗಡೆಯ ಮೌಂಟಿಂಗ್‌ಗಳ ಸಾಕ್ಷಿ

ನಮ್ಮ ಭಾಗದ ರಸ್ತೆಗಳನ್ನು ನೋಡಿಕೊಳ್ಳುವ ಎಂಜಿನಿಯರ್ ಸಾಹೇಬರಿಗೆ,

ಮಾನ್ಯರೇ, "ಸದರಿ ಸ್ಥಳದಲ್ಲಿ ಯಾವುದೇ ಗುಂಡಿ ಇರುವುದಿಲ್ಲ" ಎಂದು ನೀವು ಪೊಲೀಸರಿಗೆ ಬರೆದುಕೊಟ್ಟ ಕಾಗದದ ನಕಲು ನನ್ನ ಕೈ ಸೇರಿದೆ. ಕಳೆದ ಆಷಾಢದಲ್ಲಿ ಹೆಗ್ಗನಹಳ್ಳಿಯ ಹಿಟ್ಟಿನ ಗಿರಣಿ ತಿರುವಿನಲ್ಲಿ ಸ್ಕೂಟರಿನಿಂದ ಬಿದ್ದು ಸತ್ತವಳು ನನ್ನ ಹೆಂಡತಿ ಚೇತನಾ. ನಿಮ್ಮ ಆ ಒಂದು ಸಾಲಿನಿಂದಾಗಿ ಅವಳ ಸಾವಿಗೆ ಅವಳದೇ "ಅಜಾಗರೂಕ ಚಾಲನೆ" ಕಾರಣವೆಂದು ದಾಖಲಾಗಿದೆ. ಇರುವುದಿಲ್ಲವಂತೆ! ಎಂಥ ಜಾಣ ಮಾತು ಸ್ವಾಮಿ! ಅವಳು ಬಿದ್ದ ಮಾರನೇ ಬೆಳಗ್ಗೆಯೇ ನಿಮ್ಮವರು ಬಂದು ಜಲ್ಲಿ, ಟಾರು ಸುರಿದು ಮುಚ್ಚಿದರು. ಆಮೇಲೆ ನೀವು ಪರಿಶೀಲನೆಗೆ ಬಂದಿರಿ. ಆಗ ಇರಲಿಲ್ಲ, ನಿಜ. ನಾನು ಕೇಳುತ್ತಿರುವುದು ಅವಳು ಬಿದ್ದ ದಿನದ ಮಾತು.

ನಾನು ಕಾರು ಮೆಕ್ಯಾನಿಕ್. ಇಪ್ಪತ್ತೆರಡು ವರ್ಷದಿಂದ ಅದೇ ರಸ್ತೆಯಲ್ಲಿ ಗ್ಯಾರೇಜು. ಹೆಸರಿಗೆ ಉಗ್ರಪ್ಪ, ಆದರೆ ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯ ಮೇಲೂ ದನಿ ಎತ್ತಿದವನಲ್ಲ. ಕಾರಿನ ಮುಂದಿನ ಶಾಕ್ ಅಬ್ಸಾರ್ಬರ್‌ಗಳ ನೆತ್ತಿಯ ಮೇಲೆ ಮೌಂಟಿಂಗ್ ಎಂಬ ರಬ್ಬರಿನ ಬಿಲ್ಲೆ ಕೂತಿರುತ್ತದೆ. ರಸ್ತೆ ಕೊಡುವ ಏಟನ್ನೆಲ್ಲ ತಿನ್ನುವುದು ಅದೇ. ಅದನ್ನು ಪರೀಕ್ಷಿಸಲು ಇಬ್ಬರು ಬೇಕು. ಒಬ್ಬರು ಒಳಗೆ ಕೂತು ಸ್ಟೀರಿಂಗ್ ತಿರುಗಿಸಬೇಕು, ಇನ್ನೊಬ್ಬರು ಬಾನೆಟ್ ಎತ್ತಿ ಆ ಬಿಲ್ಲೆಯ ಮೇಲೆ ಅಂಗೈ ಇಟ್ಟು ನಿಲ್ಲಬೇಕು. ಕೆಟ್ಟಿದ್ದರೆ ಕೈಗೆ ಟಕ್ ಅಂತ ಒದೆಯುತ್ತದೆ. ನಮ್ಮಲ್ಲಿ ಒಳಗೆ ಕೂರುತ್ತಿದ್ದವಳು ಚೇತನಾ. ಬ್ಯಾಡರಹಳ್ಳಿಯ ಮನೆಯಿಂದ ಮಧ್ಯಾಹ್ನ ನನಗೆ ಊಟ ತಂದವಳು ಸಂಜೆವರೆಗೂ ಗ್ಯಾರೇಜಿನಲ್ಲೇ ಇರುತ್ತಿದ್ದಳು. ನಾನು ಕೈಯಿಟ್ಟು ಯೋಚಿಸುವಷ್ಟರಲ್ಲಿ, "ಲೆಫ್ಟ್ ಹೋಗಿದೆ ಕಣ್ರೀ, ಇಲ್ಲಿ ಸೀಟಿಗೇ ಗೊತ್ತಾಗ್ತಾ ಇದೆ" ಅನ್ನುತ್ತಿದ್ದಳು. ಬಿಚ್ಚಿ ನೋಡಿದರೆ ಹಾಗೇ ಇರುತ್ತಿತ್ತು. ಗಾಡಿಯ ಮೈ ಇಷ್ಟು ಬಲ್ಲವಳು ನಿಮ್ಮ ಲೆಕ್ಕದಲ್ಲಿ ಅಜಾಗರೂಕಳೇ?

ಈಗ ನಿಮಗೆ ತಿಳಿಯುವ ತಾಂತ್ರಿಕ ಭಾಷೆಯಲ್ಲೇ ಹೇಳುತ್ತೇನೆ. ಮೌಂಟಿಂಗ್‌ಗಳು ಎರಡೂ ಕಡೆ ಹೆಚ್ಚುಕಡಿಮೆ ಒಟ್ಟಿಗೇ ಸವೆಯುತ್ತವೆ, ನಾವೂ ಜೋಡಿಯಾಗಿಯೇ ಬದಲಿಸುತ್ತೇವೆ. ಆದರೆ ಯುಗಾದಿಯಿಂದ ಆಷಾಢದವರೆಗೆ ನನ್ನಲ್ಲಿಗೆ ಬಂದ ಹದಿನೇಳು ಕಾರುಗಳಲ್ಲಿ ಎಡಗಡೆಯದೇ ಹರಿದಿತ್ತು, ಬಲಗಡೆಯದು ಇನ್ನೂ ಗಟ್ಟಿಯಾಗಿತ್ತು. ಹದಿನೇಳೂ ದಿನಾ ಆ ತಿರುವಿನಲ್ಲಿ ಓಡಾಡುವ ಗಾಡಿಗಳು. ಗುಂಡಿ ಇದ್ದದ್ದು ರಸ್ತೆಯ ಎಡ ಅಂಚಿನಲ್ಲಿ. ಇಲ್ಲದ ಗುಂಡಿಯೊಳಗೆ ಅಷ್ಟೂ ಕಾರುಗಳು ಎಡಗಾಲು ಇಟ್ಟವೇ?

ಅದರಲ್ಲಿ ಒಂದು ನಿಮ್ಮದೇ ಕಚೇರಿಯ ಬಿಳಿ ಕಾರು. ಅವಳು ಸಾಯುವುದಕ್ಕೆ ಐದು ವಾರ ಮೊದಲು ಬಂದಿತ್ತು. "ಗಿರಣಿ ಹತ್ರ ಗುಂಡಿ ಇದ್ಯಲ್ಲ ಅಣ್ಣ, ಅಲ್ಲಿ ದಬ್ ಅಂತ ಇಳೀತು. ಸಾಹೇಬ್ರ ತಲೆ ಮೇಲಕ್ಕೆ ಹೊಡೀತು, ನಂಗೆ ಬೈದ್ರು" ಎಂದ ನಿಮ್ಮ ಡ್ರೈವರ್. ಪಾಪದವನು, ದಯವಿಟ್ಟು ಅವನನ್ನು ಕಾಡಬೇಡಿ. ಅವತ್ತು ಸ್ಟೀರಿಂಗ್ ತಿರುಗಿಸಿದ್ದೂ ಚೇತನಾಳೇ. ಕಾರು ಹೋದಮೇಲೆ ನಕ್ಕಳು: "ಸದ್ಯ, ಸಾಹೇಬ್ರಿಗೇ ತಾಕ್ತಲ್ಲ. ಇನ್ನೊಂದು ವಾರದಲ್ಲಿ ಮುಚ್ತಾರೆ ಬಿಡಿ." ಅಯ್ಯೋ ಸ್ವಾಮಿ, ನಿಮ್ಮನ್ನು ಅಷ್ಟು ನಂಬಿದ್ದಳು!

ಅವಳು ಬಿದ್ದ ದಿನ ಹಿಂದಿನಿಂದ ಒಂದು ಟೆಂಪೊ ಬಿಡದೆ ಹಾರ್ನ್ ಹೊಡೆಯಿತಂತೆ. ಗಿರಣಿಯ ವೆಂಕಟಲಕ್ಷ್ಮಮ್ಮ ಕಣ್ಣಾರೆ ಕಂಡಿದ್ದಾರೆ. ಚೇತನಾ ದಾರಿ ಬಿಡಲು ಎಡಕ್ಕೆ ಸರಿದಳು. ಅಷ್ಟೇ ಅವಳು ಮಾಡಿದ ತಪ್ಪು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. "ಗುಂಡಿ ಇದ್ರೆ ನಿಂಗೇ ಸುಗ್ಗಿ ಬಿಡು ಗುರು" ಎಂದು ಜನ ರೇಗಿಸುವಾಗ ನಾನೂ ಹಲ್ಲು ಕಿರಿದಿದ್ದೇನೆ. ಒಂದು ಗಾಡಿ ಜಲ್ಲಿ ತಂದು ನಾನೇ ಸುರಿಯಬಹುದಿತ್ತು, ಸುರಿಯಲಿಲ್ಲ. ಆ ಪಾಪವನ್ನು ಬದುಕಿರುವವರೆಗೂ ಹೊರುತ್ತೇನೆ. ಆದರೆ ನಿಮ್ಮ ಪಾಲನ್ನು ಸತ್ತವಳ ತಲೆಗೆ ಏಕೆ ಕಟ್ಟಿದಿರಿ?

ನಮಗೊಬ್ಬಳೇ ಮಗಳು, ಹತ್ತನೇ ಕ್ಲಾಸು. ಗ್ಯಾರೇಜಿನ ಕಡೆ ಬಂದವಳೇ ಅಲ್ಲ. ನಿಮ್ಮ ಕಾಗದ ಅವಳ ಕೈಗೆ ಸಿಕ್ಕಿತು. "ಅಪ್ಪ, ಅಮ್ಮ ಫೋನಲ್ಲಿ ಮಾತಾಡ್ಕೊಂಡ್ ಬರ್ತಿದ್ಲಾ? ನೋಡ್ಕೊಂಡ್ ಬಂದಿದ್ರೆ ಇರ್ತಿದ್ಲು ಅಲ್ವಾ?" ಎಂದು ಕೇಳಿದಳು. ಗುಂಡಿ ಇತ್ತು ಕಣೇ ಎಂದೆ. ಕರೆದುಕೊಂಡು ಹೋಗಿ ಜಾಗ ತೋರಿಸಿದೆ. ರಸ್ತೆ ನುಣ್ಣಗಿತ್ತು. "ಗುಂಡಿ ಇಲ್ಲ ಅಂತ ಎಂಜಿನಿಯರೇ ಸೀಲ್ ಹಾಕಿದ್ದಾರಲ್ಲಪ್ಪ" ಎಂದಳು. ಅಮ್ಮನಿಗಾಗಿ ಅಳುತ್ತಿದ್ದ ಮಗು ಈಗ ಅಮ್ಮನ ಮೇಲೆ ಸಿಟ್ಟು ಮಾಡಿಕೊಂಡಿದೆ. ಫೋಟೋಗೆ ಹೂವಿಡು ಎಂದರೆ ಎದ್ದು ಹೋಗುತ್ತದೆ. ಹೆಂಡತಿಯನ್ನು ಒಂದು ಸಲ ಸುಟ್ಟು ಬಂದೆ. ಮನೆಯೊಳಗೆ ಹೀಗೆ ದಿನಾ ಸಾಯುತ್ತಿರುವ ಅವಳನ್ನು ಏನು ಮಾಡಲಿ?

ನನಗೆ ಪರಿಹಾರ ಬೇಡ, ಕ್ಷಮೆಯೂ ಬೇಡ. ಗುಜರಿಗೆ ಹಾಕದೆ ಉಳಿದ ಆ ಹರಿದ ಮೌಂಟಿಂಗ್‌ಗಳನ್ನು ಸೋಮವಾರ ನಿಮ್ಮ ಮೇಜಿಗೆ ತರುತ್ತೇನೆ, ನಿಮ್ಮ ಕಾರಿನದೂ ಇದೆ. ಮುಟ್ಟಿ ನೋಡಿ. ನೋಡಿ, ಆ ದಿನ ಅಲ್ಲಿ ಗುಂಡಿ ಇತ್ತೆಂದು ಬರೆದು, ಸಹಿ ಹಾಕಿ, ಸೀಲ್ ಒತ್ತಿ ಕೊಡಿ. ಅಪ್ಪನ ಮಾತನ್ನು ಮಗಳು ನಂಬುತ್ತಿಲ್ಲ. ನಿಮ್ಮ ಮಾತನ್ನು ನಂಬುತ್ತಾಳೆ.

ಇಂತಿ,
ನಿಮ್ಮ ಕಾರಿನ ಕುಲುಕಾಟ ನಿಲ್ಲಿಸಿಕೊಟ್ಟವನು,
ಉಗ್ರಪ್ಪ, ಹೆಗ್ಗನಹಳ್ಳಿ